ನಾಲ್ಕು ಮಳೆಗಾಲ ಕಂಡ ಮೂರು ಬಗೆಯ ಹೆಣಿಗೆ ದಾರಗಳು

ಮಡಿಕೇರಿಯ ನಿವಾಸಿಯಾದ ನಾನು ಬಿಡುವಿನ ವೇಳೆಯಲ್ಲಿ ಸ್ವೆಟರ್, ಕುಲಾವಿ ಮತ್ತು ಶಾಲುಗಳನ್ನು ಹೆಣೆಯುತ್ತೇನೆ. ಕಳೆದ ನಾಲ್ಕು ವರ್ಷಗಳಲ್ಲಿ ಅಕ್ರಿಲಿಕ್ ಎಂಬ ಕೃತಕ ನಾರು, ಹತ್ತಿ ಮತ್ತು ಮೆರಿನೊ ತಳಿಯ ಕುರಿಯ ನಯವಾದ ಉಣ್ಣೆಯ ದಾರಗಳನ್ನು ಬಳಸಿದ್ದೇನೆ. ಅಂಗಡಿಯಲ್ಲಿ ಕೈಗೆ ಸೋಕಿದ ಮೃದುತನವನ್ನು ನಂಬಿ ಕೊಂಡ ಈ ದಾರಗಳ ನಿಜವಾದ ಗುಣ ತಿಳಿದದ್ದು ಹತ್ತಾರು ಸಲ ಒಗೆದ ಮೇಲೆಯೇ ಆದ್ದರಿಂದ, ಹೊಸ ಉಂಡೆಯ ಅಂದದ ಬಗ್ಗೆ ಇಲ್ಲಿ ಏನನ್ನೂ ಹೇಳುವುದಿಲ್ಲ.

ನಮ್ಮ ಅಂಗಡಿಗಳಲ್ಲಿ ‘ಉಲ್ಲನ್’ ಎಂದು ಕೊಡುವ ದಾರ ಬಹುಮಟ್ಟಿಗೆ ಅಕ್ರಿಲಿಕ್ ಆಗಿರುತ್ತದೆ. 100 ಗ್ರಾಮಿಗೆ ಸುಮಾರು 120 ರೂಪಾಯಿ ಕೊಟ್ಟು ತಂದ ಈ ದಾರದ ಸ್ವೆಟರನ್ನು ಯಂತ್ರದಲ್ಲಿ ಒಗೆಯಬಹುದು, ಬೇಗ ಒಣಗಿಸಬಹುದು, ನುಸಿಯ ಭಯವೂ ಇಲ್ಲ. ಆದರೆ ವರ್ಷ ತುಂಬುವುದರೊಳಗೆ ಕಂಕುಳಲ್ಲಿ ಮತ್ತು ಮೊಣಕೈಯಲ್ಲಿ ಜುಂಗು ಎದ್ದಿತು. ಒಮ್ಮೆ ಅವಸರದಲ್ಲಿ ಬಿಸಿ ಇಸ್ತ್ರಿ ಒತ್ತಿದಾಗ ಅಂಚಿನ ಪಟ್ಟಿಯ ಕುಣಿಕೆಗಳು ಚಪ್ಪಟೆಯಾದವು. ಎಷ್ಟು ನೆನೆಸಿದರೂ ಅವು ಮತ್ತೆ ಮೇಲೇಳಲಿಲ್ಲ. ‘ಉಣ್ಣೆ ಮಿಶ್ರಿತ’ ಎಂಬ ಚೀಟಿಯಿದ್ದ ಇನ್ನೊಂದು ಉಂಡೆಯ ತುಂಡನ್ನು ಸುಟ್ಟು ನೋಡಿದೆ. ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗಬೇಕು. ಇದು ಕರಗಿ ಗಟ್ಟಿ ಮಣಿಯಂತಾಯಿತು. ಅಂದಿನಿಂದ ಒಲೆಯ ಬಳಿ ತೊಡುವ ಯಾವ ಬಟ್ಟೆಗೂ ಅಕ್ರಿಲಿಕ್ ಬಳಸುತ್ತಿಲ್ಲ.

ಹತ್ತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದಕ್ಕೆ ಹಿಗ್ಗಿ ಕುಗ್ಗುವ ಗುಣ ಕಡಿಮೆ, ತೂಕ ಜಾಸ್ತಿ. ಉದ್ದ ತೋಳಿನ ಮೇಲಂಗಿ ತನ್ನ ಭಾರಕ್ಕೇ ಜೋತುಬಿತ್ತು. ಜುಲೈ ತಿಂಗಳ ಮಳೆಯಲ್ಲಿ ಅದು ಒಣಗಲು ಮೂರು ದಿನ ಹಿಡಿದು ಮುಗ್ಗಲು ವಾಸನೆ ಬಂದಿತು. ಕೈಚೀಲ ಮತ್ತು ಅಡುಗೆಮನೆಯ ಒರೆಸುಬಟ್ಟೆಗಳಿಗೆ ಮಾತ್ರ ಹತ್ತಿ ಸರಿಹೊಂದಿದೆ.

ಹೆಚ್ಚು ಹಣ ಕೇಳಿದ್ದೂ ಹೆಚ್ಚು ಪಾಠ ಕಲಿಸಿದ್ದೂ ಮೆರಿನೊ. 50 ಗ್ರಾಮಿನ ಉಂಡೆಗೆ 450 ರೂಪಾಯಿಯಂತೆ ಎಂಟು ಉಂಡೆ ‘ಸೂಪರ್‌ವಾಶ್’ ದಾರ ತಂದು ಕಾರ್ಡಿಗನ್ ಆರಂಭಿಸಿದೆ. 4 ಮಿಲಿಮೀಟರ್ ಕಡ್ಡಿಯಲ್ಲಿ ಮಾದರಿ ತುಂಡು ಹೆಣೆದಾಗ 10 ಸೆಂಟಿಮೀಟರಿಗೆ 22 ಕುಣಿಕೆಗಳು ಬಂದವು; ಅದರಂತೆ ಬೆನ್ನಿನ ಭಾಗಕ್ಕೆ 110 ಕುಣಿಕೆ ಹಾಕಿದೆ, ಅಂದರೆ 50 ಸೆಂಟಿಮೀಟರ್ ಅಗಲ. ಆ ತುಂಡನ್ನು ಒಗೆದು ಅಳೆಯುವ ತಾಳ್ಮೆ ನನಗಿರಲಿಲ್ಲ. ಮುಗಿದ ಕಾರ್ಡಿಗನ್ ಮೊದಲ ಒಗೆತದ ಬಳಿಕ 10 ಸೆಂಟಿಮೀಟರಿಗೆ 20 ಕುಣಿಕೆಗೆ ಸಡಿಲಗೊಂಡಿತು. ಬೆನ್ನು 55 ಸೆಂಟಿಮೀಟರ್ ಆಗಿ, ಎದೆಸುತ್ತು ಒಟ್ಟು 10 ಸೆಂಟಿಮೀಟರ್ ಹೆಚ್ಚಿತು. ಉಣ್ಣೆಯ ಎಳೆಯ ಮೇಲಿರುವ ಸೂಕ್ಷ್ಮ ಹುರುಪೆಗಳು ಬಿಸಿನೀರಿನಲ್ಲಿ ಉಜ್ಜಿದಾಗ ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗದಿರಲೆಂದು, ಸೂಪರ್‌ವಾಶ್ ದಾರದಲ್ಲಿ ಅವನ್ನು ಸವೆಸಿ ಅಥವಾ ಪಾಲಿಮರ್ ಲೇಪದಿಂದ ಮುಚ್ಚಿರುತ್ತಾರೆ. ಹಿಡಿತ ಕಳೆದುಕೊಂಡ ಎಳೆಗಳು ಒದ್ದೆಯಾದಾಗ ಜಾರಿ ಹಿಗ್ಗುತ್ತವೆ. ಪೂರ್ತಿ ಬಿಚ್ಚಿ, ದಾರವನ್ನು ಲಡಿ ಸುತ್ತಿ, ನೆನೆಸಿ, ತೂಗುಹಾಕಿ ಸುಕ್ಕು ಬಿಡಿಸಿದ ಮೇಲೆ 100 ಕುಣಿಕೆಗಳಿಂದ ಮತ್ತೆ ಹೆಣೆದೆ. ಈ ಸಲ ತೋಳನ್ನು ತುಸು ಉದ್ದ ಮಾಡಹೋಗಿ ಒಂದು ಉಂಡೆ ಸಾಲದೆ ಬಂತು. ಮತ್ತೆ ತಂದ ಉಂಡೆಯ ಬಣ್ಣದ ಸಂಖ್ಯೆ ಅದೇ ಆಗಿದ್ದರೂ ಬಣ್ಣದಲ್ಲಿ ಅದ್ದಿದ ತಂಡದ (ಒಂದೇ ಸಲ ಒಟ್ಟಿಗೆ ಬಣ್ಣ ಹಾಕಿದ ದಾರಗಳ ಗುಂಪಿನ) ಸಂಖ್ಯೆ ಬೇರೆಯಾಗಿತ್ತು. ಟ್ಯೂಬ್‌ಲೈಟಿನಲ್ಲಿ ಕಾಣದ ಪಟ್ಟೆ ಬಿಸಿಲಿನಲ್ಲಿ ಇಂದಿಗೂ ಎದ್ದು ಕಾಣುತ್ತದೆ. ಎರಡೂ ಉಂಡೆಗಳಿಂದ ಎರಡೆರಡು ಸಾಲು ಬದಲಿಸುತ್ತ ಹೆಣೆದಿದ್ದರೆ ಅದು ಬೆರೆತುಹೋಗುತ್ತಿತ್ತು.

ಇಷ್ಟಾದರೂ ಮೂರು ಚಳಿಗಾಲ ತೊಟ್ಟ ಆ ಕಾರ್ಡಿಗನ್ನೇ ಮನೆಯಲ್ಲಿ ಅತ್ಯಂತ ಬೆಚ್ಚಗಿನದು. ಬೆವರಿನ ಕಲೆಯಿದ್ದಂತೆಯೇ ಮಡಿಸಿಟ್ಟ ಇನ್ನೊಂದು ಮೆರಿನೊ ಶಾಲಿಗೆ ನುಸಿಯ ಮರಿಗಳು ತೂತು ಕೊರೆದವು. ಆದ್ದರಿಂದ ಈಗ ಅಂಟುವಾಳದ ನೀರಿನಲ್ಲಿ ಒಗೆದು, ಚೆನ್ನಾಗಿ ಒಣಗಿಸಿ, ಗಾಳಿಯಾಡದ ಚೀಲದಲ್ಲಿಡುತ್ತೇನೆ. ಅಂದಹಾಗೆ, ‘ಅಪ್ಪಟ ಉಣ್ಣೆ’ ಎಂದರೆ ಮೃದುವಾಗಿಯೇ ಇರುತ್ತದೆಂದು ತಿಳಿಯಬೇಕಿಲ್ಲ: ಚಳ್ಳಕೆರೆಯ ಕುರಿ ಕಂಬಳಿಯೂ ಅಪ್ಪಟ ಉಣ್ಣೆಯೇ, ಆದರೆ ಅದನ್ನು ಬರಿಮೈಗೆ ಹೊದೆಯುವುದು ಎಲ್ಲರಿಗೂ ಆಗದು.

ತೊಡುವ ಬಟ್ಟೆಗೆ ಐದರಲ್ಲಿ ಮೆರಿನೊಗೆ ನಾಲ್ಕು, ಅಕ್ರಿಲಿಕ್‌ಗೆ ಮೂರು, ಹತ್ತಿಗೆ ಎರಡು ಅಂಕ ಕೊಡುತ್ತೇನೆ. ಮುಂದಿನ ಸ್ವೆಟರಿಗೆ ಒಂದೇ ತಂಡದ ಒಂಬತ್ತು ಮೆರಿನೊ ಉಂಡೆಗಳನ್ನು ತಂದಿದ್ದೇನೆ. ಅದರ ಮಾದರಿ ತುಂಡು ಒಗೆತ ಕಂಡು ಹಗ್ಗದ ಮೇಲೆ ಒಣಗುತ್ತಿದೆ.