ಲೋಟದಲ್ಲಿ ತಿಳಿಯಾಗಿದ್ದದ್ದು ಪೆಟ್ರೋಲ್ ಅಲ್ಲ

ಪೈಲಟ್ ಲೈಸೆನ್ಸ್ ತೆಗೆದುಕೊಂಡು, ಹೊಲಕ್ಕೆ ಔಷಧಿ ಹೊಡೆಯುವ ವಿಮಾನದ ಕೆಲಸಕ್ಕೆ ಹೋಗೋಣ ಅಂದುಕೊಂಡಿದ್ದೀರಾ? ಮೊದಲು ಇದನ್ನು ಓದಿ.

ಆಸ್ಟ್ರೇಲಿಯಾದ ಮೋರಿ (Moree) ಅನ್ನುವ ಊರಿನ ಸುತ್ತಮುತ್ತ ಎಲ್ಲಿ ನೋಡಿದರೂ ಹತ್ತಿ ಹೊಲ. ರಾಯಚೂರಿನ ಎರೆಮಣ್ಣು ಕಂಡವರಿಗೆ ಅಲ್ಲಿನ ಕಪ್ಪು ನೆಲ ಹೊಸದಲ್ಲ. ನಾನು ಹಾರಿಸುತ್ತಿದ್ದದ್ದು ಸೆಸ್ನಾ ಆಗ್‌ಟ್ರಕ್. ಒಂದೇ ಸೀಟು, 300 ಅಶ್ವಶಕ್ತಿಯ ಒಂದೇ ಇಂಜಿನ್, ಸಾವಿರ ಲೀಟರ್ ಔಷಧಿಯ ತೊಟ್ಟಿ. (ನಮ್ಮ ಎಚ್‌ಎಎಲ್ ಕೂಡ 1970ರ ದಶಕದಲ್ಲಿ ‘ಬಸಂತ್’ ಅಂತ ಇಂಥದ್ದೇ ವಿಮಾನ ಮಾಡಿತ್ತು. ಈಗ ಯಾರಿಗೂ ನೆನಪಿಲ್ಲ ಬಿಡಿ.)

ಹಿಂದಿನ ರಾತ್ರಿ ಜೋರು ಮಳೆ. ಪೆಟ್ರೋಲ್ ಡ್ರಮ್ಮುಗಳನ್ನು ಬಯಲಲ್ಲೇ ನೆಟ್ಟಗೆ ನಿಲ್ಲಿಸಿದ್ದರು. ಹಾಗೆ ನಿಲ್ಲಿಸಿದರೆ ತಲೆಯ ಮೇಲೆ ಮಳೆನೀರು ನಿಲ್ಲುತ್ತದೆ. ಡ್ರಮ್ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ, ಬಿರಡೆಯ ಸಂದಿಯಿಂದ ಆ ನೀರನ್ನು ಹೀರಿಕೊಳ್ಳುತ್ತದೆ. ನನಗೆ ಆಗ ಇದು ಗೊತ್ತಿರಲಿಲ್ಲ.

ಪರೀಕ್ಷೆ ಮಾಡಲಿಲ್ಲ ಅಂತಲ್ಲ. ರೆಕ್ಕೆಯ ಕೆಳಗಿನ ಡ್ರೇನ್ ಒತ್ತಿ, ಟ್ಯಾಂಕಿನ ತಳದ ಪೆಟ್ರೋಲನ್ನು ಪ್ಲಾಸ್ಟಿಕ್ ಲೋಟಕ್ಕೆ ಹಿಡಿದೆ. ನೀರು ಬೆರೆತಿದ್ದರೆ ತಳದಲ್ಲಿ ಕೂತು, ನಡುವೆ ಗೆರೆ ಕಾಣಬೇಕು. ಗೆರೆ ಇರಲಿಲ್ಲ, ಹೊರಟೆ. ಆದರೆ ಲೋಟದ ತುಂಬ ನೀರೇ ಇದ್ದರೆ ಗೆರೆ ಎಲ್ಲಿಂದ ಬರಬೇಕು? ವಿಮಾನದ 100ಎಲ್‌ಎಲ್ ಪೆಟ್ರೋಲ್ ತಿಳಿನೀಲಿ ಇರುತ್ತದೆ. ಬೆಳಕು ಹರಿಯುವ ಮುಂಚೆ, ಟಾರ್ಚಿನ ಹಳದಿ ಬೆಳಕಲ್ಲಿ ನಾನು ಬಣ್ಣ ನೋಡಲೇ ಇಲ್ಲ. ಮೂಸಿದ್ದರೂ ತಿಳಿಯುತ್ತಿರಲಿಲ್ಲವೇನೋ, ಕೈಯೇ ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು.

ಮೂರನೇ ಸಾಲು ಮುಗಿಸಿ ಮೇಲೆಳೆದೆ. ಇಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು. ಎತ್ತರ 150 ಅಡಿ ಇರಬಹುದು. ರನ್‌ವೇ ಹಿಂದೆಯೇ ಇತ್ತು, ತಿರುಗಿಸಿಬಿಡೋಣ ಅಂತ ಕೈ ತುಡಿಯಿತು. ಆ ಎತ್ತರದಲ್ಲಿ, ಆ ವೇಗದಲ್ಲಿ ತಿರುಗಿಸಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ತೊಟ್ಟಿಯ ಔಷಧಿಯನ್ನು ಒಮ್ಮೆಲೇ ಸುರಿಸುವ ಡಂಪ್ ಹಿಡಿ ಎಳೆದೆ. ತೊಟ್ಟಿ ಖಾಲಿಯಾಗುತ್ತಿದ್ದಂತೆ ಮೂತಿ ತಾನಾಗೇ ಮೇಲೆದ್ದಿತು. ಇದನ್ನು ನೆನಪಿಡಿ, ಆಗ ಸ್ಟಿಕ್ ಜೋರಾಗಿ ಮುಂದಕ್ಕೆ ತಳ್ಳಲೇಬೇಕು. ಹತ್ತಿ ಸಾಲುಗಳ ಉದ್ದಕ್ಕೆ ಇಳಿಸಿದೆ. ಒದ್ದೆ ಮಣ್ಣು ಚಕ್ರ ಹಿಡಿದು ವಿಮಾನ ಮಗುಚಿತು.

ತಲೆಕೆಳಗಾಗಿ ಬೆಲ್ಟಿನಲ್ಲಿ ನೇತಾಡುತ್ತಿದ್ದೆ. ಎಲ್ಲೋ ತೊಟ್ ತೊಟ್ ಅಂತ ಸದ್ದು. ಭುಜದ ಬೆಲ್ಟ್ ಬಿಗಿಯಾಗಿದ್ದರಿಂದ ಬರೀ ಕಾಲರ್ ಮೂಳೆ ಮುರಿಯಿತು. ಹೊರಗೆ ತೆವಳಿ, ಗಾಳಿ ಬರುವ ಕಡೆಗೆ ಓಡಿದೆ. ಇನ್ನೊಂದು ಕಡೆ ಪೂರ್ತಿ ಔಷಧಿ.

ಮೆಕ್ಯಾನಿಕ್ ಫಿಲ್ಟರ್ ಬಟ್ಟಲು ಬಿಚ್ಚಿದಾಗ ಸುರಿದದ್ದು ಬರೀ ನೀರು. ಮಾಲೀಕ ಮಾತ್ರ ಇಂಜಿನ್ ಹಳೇದಾಗಿತ್ತು ಅಂದ.

ಈಗ ಲೋಟವನ್ನು ಬಿಳಿ ರೆಕ್ಕೆಯ ಎದುರು ಹಿಡಿದು ಬಣ್ಣ ನೋಡುತ್ತೇನೆ. ಒರೆಸಿದ ಅಂಗೈ ಮೇಲೆ ಎರಡು ಹನಿ ಹಾಕುತ್ತೇನೆ. ಪೆಟ್ರೋಲ್ ತಣ್ಣಗೆ ತಾಗಿ ಆರಿಬಿಡುತ್ತದೆ, ನೀರು ಹಾಗೇ ಕೂತಿರುತ್ತದೆ. ಡ್ರಮ್ ಹೇಗೆ ಇಟ್ಟಿದ್ದಾರೆ ಅಂತ ಕೆಲಸಕ್ಕೆ ಸೇರುವ ಮುಂಚೆಯೇ ನೋಡಿಕೊಳ್ಳುತ್ತೇನೆ.

ತಿಂಗಳಾದ ಮೇಲೆ ನನ್ನ ಸಾಮಾನು ತರಲು ಅಲ್ಲಿಗೆ ಹೋಗಿದ್ದೆ. ಡ್ರಮ್ಮುಗಳು ಇನ್ನೂ ನೆಟ್ಟಗೇ ನಿಂತಿದ್ದವು.