ಗಲ್ಫ್ ಮಾಲಿನ ಡಿಸ್ಕ್ ಪೆಟ್ಟಿಗೆ: ವಾಚನಾಲಯದವರು, ಕ್ಲಬ್ಬಿನವರು ದಯವಿಟ್ಟು ಗಮನಿಸಿ

ಕಾಸರಗೋಡು, ಕುಂಬಳೆ, ಬದಿಯಡ್ಕ ಕಡೆಯ ವಾಚನಾಲಯಗಳಿಗೂ ಯುವಕರ ಕ್ಲಬ್ಬುಗಳಿಗೂ ಒಂದು ಬಗೆಯ ಮಾಲನ್ನು ಹಿಡಿದು ಮಾರುವವರು ಬರುತ್ತಿದ್ದಾರೆ. ಟಿವಿಗೆ ಜೋಡಿಸಿ ಆಟವಾಡುವ, ಬಳಸಿದ ಒಂದು ಗೇಮ್ ಕನ್ಸೋಲ್ (ನಮಗೆ ಕೊಟ್ಟದ್ದು ಪ್ಲೇಸ್ಟೇಷನ್ 4), ಕಂಪ್ಯೂಟರಿಗೆ ಜೋಡಿಸುವ ಒಂದು ಡಿಸ್ಕ್ ಡ್ರೈವ್, ಜೊತೆಗೆ ರಟ್ಟಿನ ಪೆಟ್ಟಿಗೆ ತುಂಬ ಸಿನಿಮಾ ಮತ್ತು ಸಾಕ್ಷ್ಯಚಿತ್ರಗಳ ಡಿಸ್ಕುಗಳು. “ಗಲ್ಫ್‌ನಿಂದ ಬಂದದ್ದು, ಎಲ್ಲವೂ ಎಚ್‌ಡಿ, ಎಲ್ಲವೂ ಓಡುತ್ತದೆ” ಎಂಬುದು ಅವರ ಮಾತು. ನಮ್ಮ ಊರಿನ ವಾಚನಾಲಯ ಇದಕ್ಕೆ 14,000 ರೂಪಾಯಿ ಕೊಟ್ಟಿತು. ಸದಸ್ಯರ ವಂತಿಗೆಯಿಂದ, ಹಳೆಯ ಪತ್ರಿಕೆಗಳನ್ನು ತೂಕಕ್ಕೆ ಹಾಕಿ ಕೂಡಿಸಿದ ಹಣ ಅದು. ಪೆಟ್ಟಿಗೆಯಲ್ಲಿ ನಮಗೆ ಓಡಿದ್ದು ಬೆರಳೆಣಿಕೆಯ ಡಿಸ್ಕುಗಳು. ಇದೇ ಮಾಲನ್ನು ಉಪ್ಪಳದ ಕಡೆಯ ಒಂದು ಕ್ಲಬ್ಬಿಗೂ ತೋರಿಸಿದ್ದಾರೆ ಎಂದು ಗೊತ್ತಾದ ಮೇಲೆ ಸುಮ್ಮನಿರಲು ಮನಸ್ಸಾಗಲಿಲ್ಲ.

ನಮ್ಮದು ಗುಡ್ಡದ ಮರೆಯ ಊರು. ವಾಚನಾಲಯದ ಒಳಗೆ ಇಂಟರ್‌ನೆಟ್ ಸಿಗುವುದಿಲ್ಲ. ಅಂಗಳದ ಮೂಲೆಗೆ ಹೋದರೆ ಮೊಬೈಲಿಗೆ ಸ್ವಲ್ಪ ಸಿಗುತ್ತದೆ, ಮಳೆ ಹಿಡಿದರೆ ಅದೂ ಇಲ್ಲ. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಕಾಡು, ಕಡಲು, ಹಕ್ಕಿಗಳ ಚಿತ್ರಗಳನ್ನು ದೊಡ್ಡ ಪರದೆಯ ಮೇಲೆ ಚೆನ್ನಾಗಿ ತೋರಿಸಬೇಕಾದರೆ ಡಿಸ್ಕೇ ದಾರಿ. ಅಂಗಡಿಯಲ್ಲಿ ನಾನು ಸ್ಪಷ್ಟವಾಗಿ ಕೇಳಿದ್ದೆ: “ಈ ಪೆಟ್ಟಿಗೆಯಲ್ಲಿರುವುದೆಲ್ಲ ಈ ಯಂತ್ರದಲ್ಲಿ ಓಡುತ್ತದೆಯೇ? ನಮ್ಮಲ್ಲಿ ಈಗಾಗಲೇ ಇರುವ ಡಿಸ್ಕುಗಳೂ ಓಡುತ್ತವೆಯೇ?” ಉತ್ತರ ತಡವಾಗಲಿಲ್ಲ. “ಬ್ಲೂ-ರೇ ಎಂದರೆ ಬ್ಲೂ-ರೇ, ಮಾಷ್ಟ್ರೇ. ಅದರಲ್ಲಿ ಬೇರೆ ಬೇರೆ ಇಲ್ಲ.” ಹೀಗೆ ಹೇಳಿ ಟಿವಿಯಲ್ಲಿ ಒಂದು ಫುಟ್‌ಬಾಲ್ ಆಟವನ್ನು ಹಾಕಿ ತೋರಿಸಿದರು. ಆಟ ಸೊಗಸಾಗಿ ಓಡಿತು.

ಆ ಉತ್ತರ ಸುಳ್ಳು. ಬ್ಲೂ-ರೇ ಎಂದರೆ ಡಿವಿಡಿಗಿಂತ ಸ್ಪಷ್ಟವಾದ ಚಿತ್ರ ಕೊಡುವ ಡಿಸ್ಕ್. ಒಂದೇ ಅಳತೆಯ, ಒಂದೇ ಹೊಳಪಿನ ಆ ತಟ್ಟೆಗಳಲ್ಲಿ ಒಂದಕ್ಕೊಂದು ಹೊಂದದ ಹಲವು ಬಗೆಗಳಿವೆ. ನಮ್ಮ ಪೆಟ್ಟಿಗೆಯಲ್ಲಿ ಕೆಂಪು, ನೀಲಿ, ಕಪ್ಪು ಎಂದು ಮೂರು ಬಣ್ಣದ ಡಬ್ಬಿಗಳಿದ್ದವು.

ಹೆಚ್ಚು ನಷ್ಟವಾದದ್ದು ಕೆಂಪು ಡಬ್ಬಿಗಳಲ್ಲಿ. ಅವುಗಳ ಮೇಲಂಚಿನಲ್ಲಿ ‘ಎಚ್‌ಡಿ ಡಿವಿಡಿ’ ಎಂದು ಅಚ್ಚಾಗಿದೆ. ಓದಿದವರು ಇದು ಒಳ್ಳೆಯ ಗುಣಮಟ್ಟದ ಡಿವಿಡಿ ಎಂದುಕೊಳ್ಳುವುದು ಸಹಜ. ಕನ್ಸೋಲಿಗೆ ಹಾಕಿದರೆ ಡಿಸ್ಕ್ ಒಳಗೆ ಹೋಗಿ ಗಿರ್ರೆಂದು ಎರಡು ಮೂರು ಸಲ ವೇಗ ಹಿಡಿದು ನಿಂತಿತು, ಪರದೆಯಲ್ಲಿ ‘ಗುರುತಿಸಲಾಗದ ಡಿಸ್ಕ್’ ಎಂದು ಬಂತು. ಡಿವಿಡಿ ಪ್ಲೇಯರಿನಲ್ಲೂ ಇಲ್ಲ. ಕಂಪ್ಯೂಟರಿನ ಬ್ಲೂ-ರೇ ಡ್ರೈವಿನಲ್ಲೂ ಇಲ್ಲ. ತಟ್ಟೆಗಳಲ್ಲಿ ಗೀರಿಲ್ಲ, ಕಲೆಯಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದೆ, ಹೊಸದರಂತೆ ಮಿನುಗುತ್ತಿದ್ದವು. ಕೆಟ್ಟದ್ದು ಡಿಸ್ಕಲ್ಲ, ಅದನ್ನು ಓದುವ ಯಂತ್ರವೇ ಪೇಟೆಯಿಂದ ಮರೆಯಾಗಿ ಎಷ್ಟೋ ವರ್ಷಗಳಾಗಿವೆ.

2006ರಲ್ಲಿ ಡಿವಿಡಿಯ ಜಾಗವನ್ನು ಹಿಡಿಯಲು ಎರಡು ಬಣಗಳು ಎದುರುಬದುರಾಗಿ ನಿಂತವು. ತೋಷಿಬಾ ಮುಂದಾಳಾಗಿದ್ದ ಬಣದ್ದು ಎಚ್‌ಡಿ ಡಿವಿಡಿ. ಸೋನಿ, ಪ್ಯಾನಸಾನಿಕ್, ಫಿಲಿಪ್ಸ್ ಮೊದಲಾದವರದ್ದು ಬ್ಲೂ-ರೇ. ಎರಡರಲ್ಲೂ ಇರುವುದು 405 ನ್ಯಾನೋಮೀಟರಿನ ಅದೇ ನೀಲಿ-ನೇರಳೆ ಲೇಸರ್. ಹಾಗಿದ್ದೂ ಒಂದರ ಯಂತ್ರ ಇನ್ನೊಂದನ್ನು ಓದಲಾರದು, ಏಕೆಂದರೆ ಮಾಹಿತಿಯ ಪದರ ಇರುವ ಆಳ ಬೇರೆ. ಎಚ್‌ಡಿ ಡಿವಿಡಿಯಲ್ಲಿ ಅದು ಡಿವಿಡಿಯಂತೆಯೇ ಮೇಲ್ಮೈಯಿಂದ 0.6 ಮಿಲಿಮೀಟರ್ ಒಳಗಿದೆ. ಬ್ಲೂ-ರೇಯಲ್ಲಿ ಬರೀ 0.1 ಮಿಲಿಮೀಟರ್. ಹತ್ತು ಮಾರಿನ ಬಾವಿಗೆ ಎರಡು ಮಾರಿನ ಹಗ್ಗ ಇಳಿಸಿದಂತೆ, ಬೆಳಕು ಸರಿಯಿದ್ದರೂ ಅದು ನೆಡುವ ಜಾಗ ತಪ್ಪು. ಒಂದು ಪದರದ ಎಚ್‌ಡಿ ಡಿವಿಡಿಯಲ್ಲಿ 15 ಗಿಗಾಬೈಟ್ ಹಿಡಿಸಿದರೆ ಬ್ಲೂ-ರೇಯಲ್ಲಿ 25 ಹಿಡಿಸುತ್ತಿತ್ತು. ಡಿವಿಡಿ ತಯಾರಿಸುವ ಕಾರ್ಖಾನೆಗಳನ್ನು ಹೆಚ್ಚು ಬದಲಿಸದೆ ಎಚ್‌ಡಿ ಡಿವಿಡಿಯನ್ನು ಅಚ್ಚೊತ್ತಬಹುದಿತ್ತು ಎಂಬುದು ಅದರ ಪರವಾಗಿದ್ದ ವಾದ.

ಜಗಳವನ್ನು ತೀರ್ಮಾನಿಸುವುದರಲ್ಲಿ ಗೇಮ್ ಕನ್ಸೋಲುಗಳ ಪಾಲು ದೊಡ್ಡದು. 2006ರ ನವೆಂಬರಿನಲ್ಲಿ ಬಂದ ಸೋನಿಯ ಪ್ಲೇಸ್ಟೇಷನ್ 3ರ ಒಳಗೇ ಬ್ಲೂ-ರೇ ಡ್ರೈವ್ ಇತ್ತು, ಆಟಕ್ಕೆಂದು ಕೊಂಡವರ ಮನೆಗೆಲ್ಲ ಬ್ಲೂ-ರೇ ತಾನಾಗಿ ಹೋಯಿತು. ಅದರ ಎದುರಾಳಿ ಕನ್ಸೋಲ್ ಎಕ್ಸ್‌ಬಾಕ್ಸ್ 360ರ ಒಳಗಿದ್ದದ್ದು ಸಾದಾ ಡಿವಿಡಿ ಡ್ರೈವ್. ಎಚ್‌ಡಿ ಡಿವಿಡಿ ಬೇಕಾದವರು ಯುಎಸ್‌ಬಿಯಲ್ಲಿ ಜೋಡಿಸುವ ಪ್ರತ್ಯೇಕ ಡ್ರೈವನ್ನು ಕೊಳ್ಳಬೇಕಿತ್ತು, ಅದರಲ್ಲಿ ಆಟಗಳು ಓಡುತ್ತಿರಲಿಲ್ಲ. 2008ರ ಜನವರಿ 4ರಂದು ವಾರ್ನರ್ ಸ್ಟುಡಿಯೋ ಇನ್ನು ಬ್ಲೂ-ರೇ ಮಾತ್ರ ಎಂದು ಪ್ರಕಟಿಸಿತು. ಅದೇ ಫೆಬ್ರವರಿ 19ರಂದು ತೋಷಿಬಾ ಕೈಚೆಲ್ಲಿತು. ನಮಗೆ ದಾಟಿಸಿದ ಕೆಂಪು ಡಬ್ಬಿಗಳು ಆ ಸೋತ ಬಣದ ಅನಾಥ ಮಾಲು. ಕೆಲವು ತಟ್ಟೆಗಳ ಹಿಂಬದಿಯಲ್ಲಿ ಸಾದಾ ಡಿವಿಡಿ ಪದರವೂ ಇತ್ತು. ಮಗುಚಿ ಹಾಕಿದಾಗ ಚಿತ್ರ ಬರುವ ಬದಲು ‘ಈ ವಲಯಕ್ಕೆ ಸಲ್ಲದು’ ಎಂಬ ಸಂದೇಶ ಬಂತು. ಸಿನಿಮಾ ಡಿಸ್ಕುಗಳಿಗೆ ಜಗತ್ತನ್ನು ವಲಯಗಳಾಗಿ ಹಂಚಿ, ಒಂದು ವಲಯದ ಡಿಸ್ಕ್ ಇನ್ನೊಂದರ ಯಂತ್ರದಲ್ಲಿ ಓಡದಂತೆ ಬೀಗ ಹಾಕಿರುವುದುಂಟು. ಅವು ಅಮೆರಿಕದ 1ನೇ ವಲಯದವು. ಗಲ್ಫ್ ಸೇರುವುದು ಡಿವಿಡಿಯ 2ನೇ ವಲಯಕ್ಕೆ, ಭಾರತ 5ಕ್ಕೆ.

ನೀಲಿ ಡಬ್ಬಿಗಳ ಮೋಸ ಇನ್ನೂ ಸೂಕ್ಷ್ಮ. ಗಲ್ಫ್‌ನಿಂದ ಸಾಮಾನು ಬರದ ಮನೆ ನಮ್ಮ ಜಿಲ್ಲೆಯಲ್ಲಿ ಅಪರೂಪ, ಆದ್ದರಿಂದ ಇದನ್ನು ಎಲ್ಲರೂ ತಿಳಿದಿರಬೇಕು. ಬ್ಲೂ-ರೇ ಸಿನಿಮಾಗಳಿಗೆ ಜಗತ್ತನ್ನು ಎ, ಬಿ, ಸಿ ಎಂದು ಹಂಚಿದ್ದಾರೆ. ಅಮೆರಿಕ, ಜಪಾನ್ ಎ. ಯುರೋಪ್, ಆಫ್ರಿಕಾ, ಗಲ್ಫ್ ದೇಶಗಳು ಬಿ. ಭಾರತ ಸಿ. ದುಬೈಯಲ್ಲಿ ಕೊಂಡ ಕನ್ಸೋಲ್ ಬಿ ವಲಯದ್ದು, ಅದು ಸಿ ಬೀಗವಿರುವ ಡಿಸ್ಕನ್ನು ತೆರೆಯುವುದಿಲ್ಲ. ಡಿವಿಡಿಗಾದರೆ ಕಂಪ್ಯೂಟರಿನ ಡ್ರೈವಿನಲ್ಲಿ ವಲಯವನ್ನು ಐದು ಸಲ ಬದಲಿಸಲು ಅವಕಾಶವಿದೆ, ಕನ್ಸೋಲಿನಲ್ಲಿ ಬದಲಿಸುವ ಏರ್ಪಾಡೇ ಇಲ್ಲ. ನಮ್ಮ ಪೆಟ್ಟಿಗೆಯ ನೀಲಿ ಡಬ್ಬಿಗಳಲ್ಲಿ ಅರ್ಧಕ್ಕೂ ಹೆಚ್ಚು ಎ ವಲಯದವು, ಅವು ಗಲ್ಫ್ ಯಂತ್ರದಲ್ಲಿ ಓಡಲಿಲ್ಲ. ವಾಚನಾಲಯದಲ್ಲಿ ಮೊದಲೇ ಇದ್ದ ಸಿ ವಲಯದ ಡಿಸ್ಕುಗಳೂ ಓಡಲಿಲ್ಲ. ಮಕ್ಕಳು ಚಾಪೆ ಹಾಸಿ ಕುಳಿತಿದ್ದರು. ಒಂದರ ಹಿಂದೆ ಒಂದು ಡಿಸ್ಕ್ ಹಾಕಿ ತೆಗೆದು, ಕೊನೆಗೆ ಯಕ್ಷಗಾನದ ಹಳೆಯ ಡಿವಿಡಿಯೊಂದನ್ನು ತೋರಿಸಿ ಕಳುಹಿಸಿದೆವು.

ಬ್ಲೂ-ರೇ ಡಿಸ್ಕುಗಳಲ್ಲಿ ಬೀಗವೇ ಇಲ್ಲದವೂ ಬೇಕಾದಷ್ಟಿವೆ. ಪ್ಲೇಸ್ಟೇಷನ್ 4ರ ಆಟಗಳಿಗಂತೂ ವಲಯದ ಬೀಗವಿಲ್ಲ. ಅಂಗಡಿಯಲ್ಲಿ ಫುಟ್‌ಬಾಲ್ ಆಟ ಹಾಕಿ ತೋರಿಸಿದ್ದರ ಗುಟ್ಟು ಇದು. ಆಟ ಓಡಿತೆಂದರೆ ಡ್ರೈವಿನ ಲೇಸರ್ ಸರಿಯಿದೆ ಎಂದಷ್ಟೇ ಅರ್ಥ, ಸಿನಿಮಾದ ವಿಷಯದಲ್ಲಿ ಅದರಿಂದ ಏನೂ ಗೊತ್ತಾಗುವುದಿಲ್ಲ. ಹಿಂದಿರುಗಿಸಲು ಹೋದಾಗ ಸಿಕ್ಕಿದ ಉತ್ತರವೂ ಅದೇ ಜಾಡಿನದು: “ಓಡಿಸಿ ತೋರಿಸಿದ್ದೇನಲ್ಲ?”

ಕಪ್ಪು ಡಬ್ಬಿಗಳು 4ಕೆ, ಅಂದರೆ ಇನ್ನೂ ಸೂಕ್ಷ್ಮವಾದ ಚಿತ್ರ ಕೊಡುವ ಬ್ಲೂ-ರೇ ಡಿಸ್ಕುಗಳು. ಇವಕ್ಕೆ ವಲಯದ ಬೀಗವಿಲ್ಲ, ಆದರೆ ಪ್ಲೇಸ್ಟೇಷನ್ 4 ಇವನ್ನು ಓದುವುದಿಲ್ಲ. ಅದರ ಪ್ರೊ ಮಾದರಿಯೂ ಓದುವುದಿಲ್ಲ. ಎಕ್ಸ್‌ಬಾಕ್ಸ್ ಒನ್ ಎಸ್, ಒನ್ ಎಕ್ಸ್, ಸೀರೀಸ್ ಎಕ್ಸ್, ಪ್ಲೇಸ್ಟೇಷನ್ 5 ಇವುಗಳಲ್ಲಿ ಡಿಸ್ಕ್ ಡ್ರೈವ್ ಇರುವ ಮಾದರಿಗಳು ಓದುತ್ತವೆ. ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ.

ಇನ್ನು ಕಂಪ್ಯೂಟರಿನ ಡ್ರೈವ್. ಅದು ಅಸಲಿ ಬ್ಲೂ-ರೇ ಡ್ರೈವೇ ಹೌದು. ಆದರೆ ವಿಂಡೋಸ್‌ನಲ್ಲಿ ಬ್ಲೂ-ರೇ ಸಿನಿಮಾ ತೋರಿಸುವ ತಂತ್ರಾಂಶ ಇರುವುದಿಲ್ಲ, ಅದನ್ನು ಬೇರೆಯಾಗಿ ಹಣ ಕೊಟ್ಟು ಕೊಳ್ಳಬೇಕು. ಎಲ್ಲರ ಬಳಿ ಇರುವ ಉಚಿತ ವಿಎಲ್‌ಸಿ ಎಂಬ ವೀಡಿಯೋ ತಂತ್ರಾಂಶ, ನಕಲು ತಡೆಯಲು ಗೂಢಲಿಪಿಯಲ್ಲಿ ಬರೆದ ಈ ಡಿಸ್ಕನ್ನು ಹಾಗೆಯೇ ತೆರೆಯುವುದಿಲ್ಲ. ಸದಸ್ಯರೊಬ್ಬರು ತಮ್ಮ ಲ್ಯಾಪ್‌ಟಾಪಿನಲ್ಲಿ ಪರವಾನಗಿ ಇರುವ ತಂತ್ರಾಂಶವನ್ನು ಹಾಕಿ ತಂದರು. ಲ್ಯಾಪ್‌ಟಾಪಿನ ಪರದೆಯಲ್ಲಿ ಚಿತ್ರ ಬಂತು. ನಮ್ಮ ಪ್ರೊಜೆಕ್ಟರಿಗೆ ವಿಜಿಎ ಎಂಬ ಹಳೆಯ ಬಗೆಯ ಕೇಬಲಿನಲ್ಲಿ ಜೋಡಿಸಿದ ಕೂಡಲೇ ನಿಂತುಹೋಯಿತು. ಕಳ್ಳ ನಕಲನ್ನು ತಡೆಯುವ ಎಚ್‌ಡಿಸಿಪಿ ಎಂಬ ಕಟ್ಟುಪಾಡು ಎಚ್‌ಡಿಎಂಐಯಂತಹ ಡಿಜಿಟಲ್ ಜೋಡಣೆಯಲ್ಲಿ ನಡೆಯುತ್ತದೆ, ವಿಜಿಎಯಲ್ಲಿ ಅದಕ್ಕೆ ಜಾಗವಿಲ್ಲ. 4ಕೆ ಡಿಸ್ಕಿನ ಪಾಡು ಇನ್ನೂ ವಿಚಿತ್ರ: ಅದನ್ನು ಕಂಪ್ಯೂಟರಿನಲ್ಲಿ ನೋಡಲು ಬೇಕಾಗಿದ್ದ ಎಸ್‌ಜಿಎಕ್ಸ್ ಎಂಬ ಸೌಲಭ್ಯವನ್ನು ಇಂಟೆಲ್ ತನ್ನ 11ನೇ ಪೀಳಿಗೆಯ ಕೋರ್ ಪ್ರೊಸೆಸರ್‌ಗಳಿಂದ ಕೈಬಿಟ್ಟಿದೆ. ಹೊಸ ಕಂಪ್ಯೂಟರ್ ತಂದರೂ ಪ್ರಯೋಜನವಿಲ್ಲ. ಹಣ ಕೊಟ್ಟು ಕೊಂಡ ಡಿಸ್ಕನ್ನು ನ್ಯಾಯವಾಗಿ ನೋಡುವವರಿಗೇ ಇಷ್ಟು ಅಡ್ಡಗಾಲು ಹಾಕುವುದು ಅನ್ಯಾಯ ಎಂದು ನನಗೆ ಈಗಲೂ ಅನಿಸುತ್ತದೆ.

ನಮಗೆ ಕೊಟ್ಟ ಬಿಲ್ಲಿನಲ್ಲಿ ‘ಎಲೆಕ್ಟ್ರಾನಿಕ್ ಸಾಮಾನು’ ಎಂದಷ್ಟೇ ಕೈಬರಹದಲ್ಲಿದೆ. ಯಂತ್ರದ ಮಾದರಿ ಸಂಖ್ಯೆ ಇಲ್ಲ, ಡಿಸ್ಕುಗಳ ಪಟ್ಟಿ ಇಲ್ಲ. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಬರೆಯಲು ಕುಳಿತಾಗ ಇದೇ ದೊಡ್ಡ ತೊಡಕಾಯಿತು. ದೂರು ಕೊಡುವುದು ಕಷ್ಟದ ಕೆಲಸವೇನಲ್ಲ. 5 ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು, ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಸಲಹೆ ಪಡೆಯಬಹುದು. ಆದರೆ ಏನನ್ನು ಏನೆಂದು ಹೇಳಿ ಮಾರಿದರು ಎಂಬುದಕ್ಕೆ ಕಾಗದ ಬೇಕು. ‘ಭಾರತದ ಸಿ ವಲಯದ ಬ್ಲೂ-ರೇ ಸಿನಿಮಾ ಓಡುತ್ತದೆ, ಓಡದಿದ್ದರೆ ಹಿಂದಕ್ಕೆ ಪಡೆಯುತ್ತೇವೆ’ ಎಂಬ ಒಂದು ಸಾಲನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದವರ ಹತ್ತಿರ ಚೌಕಾಸಿಗೂ ನಿಲ್ಲಬೇಡಿ. ಹಣ ಎಣಿಸುವ ಮೊದಲು ಪೆಟ್ಟಿಗೆಯ ಪ್ರತಿ ಡಬ್ಬಿಯನ್ನೂ ಮಗುಚಿ ಹಿಂಬದಿಯ ವಲಯದ ಗುರುತನ್ನು ನೋಡಿ, ಕೆಂಪು ಡಬ್ಬಿಗಳನ್ನು ಬೆಲೆಯಿಂದ ಪೂರ್ತಿ ಕಳೆಯಿರಿ. ಪ್ರೊಜೆಕ್ಟರಿಗೆ ಎಚ್‌ಡಿಎಂಐ ಇದೆಯೇ ಎಂಬುದನ್ನು ಮನೆಯಿಂದ ಹೊರಡುವಾಗಲೇ ನೋಡಿಟ್ಟುಕೊಳ್ಳಿ.

ಪರೀಕ್ಷೆಗೆ ಸ್ವಂತ ಡಿಸ್ಕನ್ನು ಒಯ್ಯಬೇಕು, ಅಂಗಡಿಯವರು ಕೊಡುವ ಡಿಸ್ಕ್ ಬೇಡ. ಸಿ ವಲಯದ ಬೀಗವಿರುವ ಡಿಸ್ಕ್ ತಮ್ಮಲ್ಲಿ ಇಲ್ಲದವರು ನಮ್ಮ ವಾಚನಾಲಯದಿಂದ ಒಯ್ಯಬಹುದು. ಸಂಜೆ 5ರಿಂದ 7ರವರೆಗೆ ಬಾಗಿಲು ತೆರೆದಿರುತ್ತದೆ. ಸದಸ್ಯರಾಗಬೇಕೆಂದಿಲ್ಲ, ಪುಸ್ತಕದಲ್ಲಿ ಹೆಸರು ಬರೆದು ಒಯ್ದು, ಕೆಲಸವಾದ ಮೇಲೆ ಮರಳಿಸಿದರೆ ಸಾಕು.