ಸ್ನಾನದ ನೀರಿಗೆ ಯಾವುದು ವಾಸಿ: ಬಚ್ಚಲೊಲೆ, ಎರಡು ಥರ ಸೋಲಾರ್, ಹೀಟ್ ಪಂಪ್

ಕರೆಂಟ್ ಉಳಿಸಬೇಕು ಅಂದ ತಕ್ಷಣ ಎಲ್ಲರೂ ಬಲ್ಬ್ ಬದಲಾಯಿಸುತ್ತಾರೆ. ಬಲ್ಬ್ ಏನು ಮಹಾ ತಿನ್ನುತ್ತದೆ? ನಿಜವಾಗಿ ತಿನ್ನುವುದು ಗೀಸರ್. 25 ಡಿಗ್ರಿ ಇರುವ 100 ಲೀಟರ್ ನೀರನ್ನು 50 ಡಿಗ್ರಿಗೆ ಕಾಯಿಸಲು ಹತ್ತಿರ ಹತ್ತಿರ 3 ಯೂನಿಟ್ ಬೇಕೇ ಬೇಕು, ಯಾವ ಕಂಪನಿಯದಾದರೂ ಅಷ್ಟೇ, ಮೇಲೆ ಎಷ್ಟು ಸ್ಟಾರ್ ಅಂಟಿಸಿದ್ದರೂ ಅಷ್ಟೇ. ದಿನಾ ಅಷ್ಟು ನೀರು ಬಳಸುವ ಮನೆಯಲ್ಲಿ ತಿಂಗಳಿಗೆ 90 ಯೂನಿಟ್ ಬಚ್ಚಲಿಗೇ ಹೋಯಿತು. ಶಿವನಸಮುದ್ರದಲ್ಲಿ 1902ರಲ್ಲೇ ನೀರಿನಿಂದ ಕರೆಂಟ್ ತೆಗೆದು ಕೋಲಾರದ ಗಣಿಗೆ ಕಳಿಸಿದ ಜಿಲ್ಲೆ ನಮ್ಮದು, ಈಗ ಕರೆಂಟ್ ಸುರಿದು ನೀರು ಕಾಯಿಸುತ್ತಾ ಕೂತಿದ್ದೇವೆ.

ಗೀಸರ್ ಬಿಟ್ಟು ನಾನು ಬಳಸಿ ನೋಡಿರುವುದು ನಾಲ್ಕು. ಮದ್ದೂರು ಕಡೆ ನಮ್ಮ ಊರಿನ ಮನೆಯ ಬಚ್ಚಲೊಲೆ, ಮಂಡ್ಯದ ಮನೆಯಲ್ಲಿ ಮೊದಲಿದ್ದ ಪ್ಲೇಟ್ ಸೋಲಾರ್, ಅದರ ಜಾಗಕ್ಕೆ ಬಂದ ಟ್ಯೂಬ್ ಸೋಲಾರ್, ಮೈಸೂರಿನಲ್ಲಿ ಅಕ್ಕನ ಫ್ಲಾಟಿನ ಹೀಟ್ ಪಂಪ್. ನನ್ನ ಪರೀಕ್ಷೆ ಒಂದೇ. ಆಷಾಢದ ಜಡಿ ಮಳೆಯಲ್ಲಿ, ಧನುರ್ಮಾಸದ ಚಳಿಯಲ್ಲಿ, ಬೆಳಿಗ್ಗೆ ಆರಕ್ಕೆ ಬಕೆಟ್‌ಗೆ ಎಂಥ ನೀರು ಬೀಳುತ್ತದೆ?

ಆ ಪರೀಕ್ಷೆಯಲ್ಲಿ ಬಚ್ಚಲೊಲೆಗೆ ಸಾಟಿಯಿಲ್ಲ. ಮಳೆಯೋ ಚಳಿಯೋ, ಅದಕ್ಕೆ ಸಂಬಂಧವೇ ಇಲ್ಲ. ತೋಟದಲ್ಲಿ ತೆಂಗಿನ ಮಟ್ಟೆ, ಚಿಪ್ಪು, ಸೋಗೆ ಬಿದ್ದಿರುತ್ತದೆ, ಒಳಗೆ ತುರುಕಿದರೆ ಹಂಡೆ ಕಾಯುತ್ತದೆ. ಆದರೆ ಹಳೇ ತೆರೆದ ಒಲೆಯಲ್ಲಿ ಬೆಂಕಿ ಹಂಡೆಗಿಂತ ಜಾಸ್ತಿ ಗೋಡೆಯನ್ನು ಕಾಯಿಸುತ್ತಿತ್ತು, ಹೊಗೆ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿ ಶುರುವಾದ ಅಸ್ತ್ರ ವಿಭಾಗದವರು ಮಾಡಿದ ಅಸ್ತ್ರ ಒಲೆಯ ಹೆಸರು ಕೇಳಿರುತ್ತೀರಿ. ಅದರ ಕಿಟುಕು ಸರಳ. ಬೆಂಕಿಯನ್ನು ಮುಚ್ಚಿಡು, ಕೆಳಗಿನ ಜಾಲರಿಯಿಂದ ಗಾಳಿ ಕೊಡು, ಹೊಗೆಯನ್ನು ಚಿಮಣಿಯಿಂದ ಆಚೆ ಕಳಿಸು. ಅದೇ ಥರ ಜಾಲರಿ, ಚಿಮಣಿ ಇಟ್ಟು ನಮ್ಮ ಒಲೆಯನ್ನು ಮತ್ತೆ ಕಟ್ಟಿಸಿದ ಮೇಲೆ ಮಟ್ಟೆ ಕಣ್ಣಿಗೆ ಕಾಣುವಷ್ಟು ಕಡಿಮೆ ಖರ್ಚಾಗುತ್ತಿದೆ. ಇದರ ನಿಜವಾದ ಖರ್ಚು ಬೇರೆ ಕಡೆ ಇದೆ. ಎಲ್ಲರಿಗಿಂತ ಮುಂಚೆ ಎದ್ದು ಒಲೆ ಹಚ್ಚುವವರು ಯಾರು? ಅಮ್ಮ, ಇಲ್ಲ ಅತ್ತಿಗೆ. "ಹಂಡೆ ನೀರಿನ ಸುಖವೇ ಬೇರೆ" ಅಂತ ಹೇಳುವ ಗಂಡಸರು ಒಂದು ವಾರ ತಾವೇ ಉರಿ ಹಾಕಲಿ, ಆಮೇಲೆ ಮಾತಾಡೋಣ.

ಇನ್ನು ಸೋಲಾರ್. ಪ್ಲೇಟ್ ಅಂದರೆ ಗಾಜಿನ ಕೆಳಗೆ ಕಪ್ಪು ಬಳಿದ ತಾಮ್ರದ ತಗಡು, ಅದಕ್ಕೆ ಬೆಸೆದ ಸಣ್ಣ ತಾಮ್ರದ ಪೈಪುಗಳು. ಬಿಸಿಯಾದ ನೀರು ಹಗುರವಾಗಿ ತಾನೇ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ, ಮೋಟಾರ್ ಬೇಡ. ಗಟ್ಟಿ ಸಾಮಾನು. ಮೈಸೂರಿನಲ್ಲಿ ಬರೀ ಕಾವೇರಿ ನೀರು ಬರುವ ಮನೆಗಳಲ್ಲಿ ಹದಿನೈದು ವರ್ಷ ದಾಟಿದ ಪ್ಲೇಟ್‌ಗಳು ಈಗಲೂ ಕೆಲಸ ಮಾಡುತ್ತಿರುವುದನ್ನು ನೋಡಿದ್ದೇನೆ. ನಮ್ಮದು ಬೋರ್ ನೀರು. ಕಾದಷ್ಟೂ ಸುಣ್ಣ ಬಿಡುತ್ತದೆ. ಆ ಸಣ್ಣ ಪೈಪುಗಳ ಒಳಗೆ ಸುಣ್ಣ ಕಟ್ಟಿಕೊಂಡು ವರ್ಷದಿಂದ ವರ್ಷಕ್ಕೆ ನೀರು ಉಗುರು ಬೆಚ್ಚಗಾಗುತ್ತಾ ಬಂತು, ಆಸಿಡ್ ಹಾಕಿಸಿ ತೊಳೆಸಿದರೆ ಸ್ವಲ್ಪ ದಿನ ಸರಿ, ಮತ್ತೆ ಅದೇ ಕತೆ. "ಅಣ್ಣ, ನಿಮ್ಮ ನೀರಿಗೆ ಇದು ಬಾಳಲ್ಲ" ಅಂತ ಪ್ಲಂಬರ್ ಕೈ ಝಾಡಿಸಿಬಿಟ್ಟ.

ಹಾಗೆ ಟ್ಯೂಬ್ ಬಂತು. ಒಂದು ಗಾಜಿನ ಕೊಳವೆಯೊಳಗೆ ಇನ್ನೊಂದು, ನಡುವೆ ಗಾಳಿಯೇ ಇಲ್ಲ, ಕಾಫಿ ಫ್ಲಾಸ್ಕ್ ಇದ್ದ ಹಾಗೆ. ಬಿಸಿಲಿನ ಶಾಖ ಒಳಗೆ ಹೋಗುತ್ತದೆ, ವಾಪಸ್ ಬರಲು ದಾರಿಯಿಲ್ಲ. ಅದಕ್ಕೇ ಚಳಿ ಬೆಳಗಿನಲ್ಲಿ, ಅರೆಮೋಡದ ದಿನದಲ್ಲಿ ಇದು ಪ್ಲೇಟನ್ನು ಹಿಂದೆ ಹಾಕುತ್ತದೆ. ಸುಣ್ಣ ಇದರಲ್ಲೂ ಕೂರುತ್ತದೆ, ಆದರೆ ಕೊಳವೆ ಅಗಲ, ಬಿಚ್ಚಿ ತೊಳೆಯಬಹುದು. ಒಂದು ಒಡೆದರೆ ಒಂದನ್ನೇ ತರಬಹುದು. ಒಳ್ಳೆಯ ಟ್ಯೂಬಿನ ತುದಿಯಲ್ಲಿ ಬೆಳ್ಳಿ ಬಣ್ಣದ ಲೇಪ ಇರುತ್ತದೆ, ಅದು ಬೆಳ್ಳಗೆ ಸುಣ್ಣ ಬಳಿದ ಹಾಗೆ ಆದರೆ ಒಳಗೆ ಗಾಳಿ ಹೊಕ್ಕಿದೆ ಅಂತ ಅರ್ಥ. ಬದಲಾಯಿಸಿ.

ಟ್ಯೂಬಿನ ಕಾಟಗಳೂ ಇವೆ. ಏಪ್ರಿಲ್‌ನಲ್ಲಿ ನೀರು ಕೈ ಇಡಲಾಗದಷ್ಟು ಕುದಿಯುತ್ತದೆ, ಮಕ್ಕಳಿರುವ ಮನೆಯಲ್ಲಿ ಮೊದಲು ತಣ್ಣೀರಿನ ನಲ್ಲಿಯನ್ನೇ ತಿರುಗಿಸುವ ಅಭ್ಯಾಸ ಮಾಡಿಸಬೇಕು. ಟ್ಯಾಂಕ್ ಖಾಲಿಯಾಗಿ ಟ್ಯೂಬುಗಳು ಮಧ್ಯಾಹ್ನದ ಬಿಸಿಲಿನಲ್ಲಿ ಒಣಗಿ ಕಾದಿರುವಾಗ ದಿಢೀರ್ ಅಂತ ತಣ್ಣೀರು ಬಿಟ್ಟರೆ ಗಾಜು ಚಟ್ ಅನ್ನುತ್ತದೆ. ಸಂಜೆಯವರೆಗೆ ಕಾಯಬೇಕು. ಮಾಮೂಲಿ ಟ್ಯೂಬ್ ಮಾದರಿಗಳು ಪ್ರೆಶರ್ ಪಂಪ್ ತಡೆಯುವುದಿಲ್ಲ. ಕೋತಿಗಳ ಬಗ್ಗೆ ಬೇರೆ ಹೇಳಬೇಕಾ, ಚಾಮುಂಡಿ ಬೆಟ್ಟದ ಆಸುಪಾಸಿನವರಿಗೆ ಗೊತ್ತೇ ಇದೆ. ಅಂಥ ಕಡೆ ನೀರು ಮೆದುವಾಗಿದ್ದರೆ ಕಣ್ಣು ಮುಚ್ಚಿ ಪ್ಲೇಟ್ ಹಾಕಿಸಿ.

ಎರಡೂ ಸೋಲಾರ್‌ಗೆ ಒಂದೇ ಗುಟ್ಟು: ಬಿಸಿನೀರನ್ನು ಬೆಳಿಗ್ಗೆಯೇ ಖಾಲಿ ಮಾಡಿ. ಸಂಜೆ ಪಾತ್ರೆ ತೊಳೆಯಲು, ಬಟ್ಟೆಗೆ ಅಂತ ಬಿಟ್ಟುಕೊಂಡರೆ ಟ್ಯಾಂಕಿಗೆ ತಣ್ಣೀರು ಸೇರುತ್ತದೆ, ಅದನ್ನು ಕಾಯಿಸಲು ಸೂರ್ಯ ಇರುವುದಿಲ್ಲ, ಮಾರನೆ ದಿನ "ಸೋಲಾರ್ ಸರಿಯಿಲ್ಲ" ಅಂತ ಬೈಗುಳ. ಜಡಿ ಮಳೆ ಹಿಡಿದರೆ ಮಾತ್ರ ಎರಡೂ ಕೈ ಕೊಡುತ್ತವೆ. ಆಗ ಟ್ಯಾಂಕಿನೊಳಗಿನ ಕಾಯಿಲ್ ಹಾಕುತ್ತಾರೆ, ರಾತ್ರಿಯಿಡೀ ಹಾಕಿಟ್ಟು ಮರೆಯುತ್ತಾರೆ, ಉಳಿಸಿದ್ದೆಲ್ಲಾ ಅಲ್ಲೇ ಹೋಗುತ್ತದೆ. ಅದಕ್ಕೊಂದು ಟೈಮರ್ ಇರಲಿ.

ಹೀಟ್ ಪಂಪ್ ಇವುಗಳ ಸಾಲಿಗೆ ಸೇರದ ಜಾತಿ. ಫ್ರಿಜ್ಜಿನ ಹಿಂಭಾಗ ಬೆಚ್ಚಗಿರುವುದನ್ನು ಮುಟ್ಟಿ ನೋಡಿರುತ್ತೀರಲ್ಲ, ಅದೇ ತತ್ವ: ಹೊರಗಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ತುಂಬುತ್ತದೆ. ಕರೆಂಟ್ ಖರ್ಚಾಗುವುದು ಶಾಖವನ್ನು ಸಾಗಿಸಲು ಮಾತ್ರ, ಹಾಗಾಗಿ ಗೀಸರ್ 3 ಯೂನಿಟ್ ಕೇಳುವ ಕೆಲಸ ಸುಮಾರು 1 ಯೂನಿಟ್‌ಗೆ ಮುಗಿಯುತ್ತದೆ. ಮೈಸೂರಿನ ಚಳಿ ಇದಕ್ಕೆ ಲೆಕ್ಕವೇ ಅಲ್ಲ. ಫ್ಲಾಟಿನವರಿಗೆ ತಾರಸಿಯಲ್ಲಿ ಪಾಲು ಸಿಗದಿದ್ದರೆ ಇದೊಂದೇ ದಾರಿ. ಅಕ್ಕನ ಮನೆಯಲ್ಲಿ ಇದ್ದಾಗ ಒಂದು ದಿನವೂ ತಣ್ಣಗಿನ ನೀರು ಬರಲಿಲ್ಲ. ಆದರೆ ಸದ್ದು ಇದೆ, ಬಾಲ್ಕನಿ ಪಕ್ಕದ ರೂಮಿನಲ್ಲಿ ಮಲಗುವವರಿಗೆ ಕಿರಿಕಿರಿ. ನಿಧಾನವಾಗಿ ಕಾಯಿಸುತ್ತದೆ. ಬೆಲೆ ಸೋಲಾರ್‌ಗಿಂತ ಬಹಳ ಜಾಸ್ತಿ. ರಿಪೇರಿಗೆ ಮಂಡ್ಯದಲ್ಲಿ ಜನ ಹುಡುಕಬೇಕು.

ದುಡ್ಡಿನ ಲೆಕ್ಕವನ್ನು ಗೃಹಜ್ಯೋತಿ ತಲೆಕೆಳಗು ಮಾಡಿತು. 2023ರಲ್ಲಿ ಅದು ಬಂದಾಗ ಹಿಂದಿನ ವರ್ಷದ ಸರಾಸರಿಗೆ ಶೇ. 10 ಸೇರಿಸಿ, 200 ಯೂನಿಟ್ ಮೀರದಂತೆ, ಉಚಿತ ಅಂದರು. ಸೋಲಾರ್ ಹಾಕಿಸಿಕೊಂಡು ಮೊದಲೇ ಉಳಿಸುತ್ತಿದ್ದವನ ಸರಾಸರಿ ಕಡಿಮೆ, ಅವನಿಗೆ ಸಿಕ್ಕ ಉಚಿತವೂ ಕಡಿಮೆ. ಗೀಸರ್ ಉರಿಸಿದವನಿಗೆ ಜಾಸ್ತಿ. ನಗಬೇಕೋ ಅಳಬೇಕೋ! ಹಾಗಂತ ನಾನು ಟ್ಯೂಬ್ ಕಿತ್ತು ಹಾಕಲಿಲ್ಲ. ಕರೆಂಟ್ ಹೋದರೂ ನೀರು ಬಿಸಿ ಇರುತ್ತದೆ, ಅದು ಸಾಕು.

ಅಂಗಡಿಯವರು ಹೇಳದ ವಿಷಯ ಒಂದಿದೆ, ಪೈಪು. ತಾರಸಿಯಿಂದ ಕೆಳಗಿನ ಬಚ್ಚಲಿಗೆ 20 ಮೀಟರ್ ಮುಕ್ಕಾಲಿಂಚು ಪೈಪ್ ಬಂದಿದ್ದರೆ ಅದರೊಳಗೆ ಸುಮಾರು 5 ಲೀಟರ್ ತಣ್ಣೀರು ನಿಂತಿರುತ್ತದೆ. ಬಿಸಿನೀರು ಬರುವ ಮುಂಚೆ ಅಷ್ಟೂ ಮೋರಿಗೆ ಹೋಗುತ್ತದೆ, ಪ್ರತಿಯೊಬ್ಬರ ಸ್ನಾನಕ್ಕೂ ಸ್ವಲ್ಪ ಸ್ವಲ್ಪ. ಅರ್ಧ ಇಂಚಿನದಾದರೆ ಅದರ ಅರ್ಧ ಸಾಕು. ಮನೆ ಕಟ್ಟಿಸುತ್ತಿರುವವರು ಟ್ಯಾಂಕ್ ಕೂರಿಸುವ ಜಾಗದ ನೇರ ಕೆಳಗೇ ಬಚ್ಚಲು ಬರುವ ಹಾಗೆ ನೋಡಿಕೊಳ್ಳಿ. ಈಗಾಗಲೇ ಕಟ್ಟಿದ್ದರೆ ಆ ಮೊದಲ ನೀರಿಗೆ ಒಂದು ಬಕೆಟ್ ಇಡಿ, ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ. ಪೈಪಿಗೆ ಕಪ್ಪು ಫೋಮ್ ಸುತ್ತಿಸಿ, ಬಿಸಿಲಿಗೆ ಬರೀ ಫೋಮ್ ಪುಡಿಪುಡಿ ಆಗುತ್ತದೆ, ಮೇಲೆ ಟೇಪ್ ಸುತ್ತಲು ಪ್ಲಂಬರ್‌ಗೆ ಎದುರಿಗೇ ನಿಂತು ಹೇಳಿ.